ಎರಡು ನೂಲು ಕಡಿಮೆ

ನಮ್ಮ ಊರಿನ ಬಾಗಿಲುಗಳಿಗೆ ಎರಡೆರಡು ಚಿಲಕಗಳಿರುತ್ತವೆ. ಮೇಲಿನದು ಸೋಮವಾರಕ್ಕೆ, ಕೆಳಗಿನದು ಶನಿವಾರಕ್ಕೆ. ದುಡಿಯುವ ಮೈ ದಿನಕ್ಕಿಷ್ಟು ಎಂದು ಕುಗ್ಗುತ್ತ ಬಂದು, ಶನಿವಾರ ಸಂಜೆಯ ಹೊತ್ತಿಗೆ ಮೇಲಿನ ಚಿಲಕ ಕೈಗೆ ಸಿಗದಂತಾಗುತ್ತದೆ. ನೆಲಕ್ಕೆ ಹಾಸುವ ಫರ್ಸಿಕಲ್ಲು ಹೊರುವ ಹಮಾಲರು ವಾರಕ್ಕೆ ನಾಲ್ಕು ಬೆರಳು ಕುಗ್ಗುತ್ತಾರೆ, ಶಾಲೆಯ ಮಾಸ್ತರರು ಎರಡು, ಅಂಗಡಿಯ ಗಾದಿಯ ಮೇಲೆ ಕುಳಿತವರು ಒಂದು. ಹೆಂಗಸರು ಬುಧವಾರದಿಂದ ಸೀರೆಯನ್ನು ಒಂದು ಮಡಿಕೆ ಮೇಲೆತ್ತಿ ಉಡುತ್ತಾರೆ. ಕನ್ಯೆ ನೋಡಲು ಶನಿವಾರ ಬರುವ ಗಂಡು ಪ್ರಾಮಾಣಿಕನೆಂದೂ, ಸೋಮವಾರ ಬರುವವನು ಏನನ್ನೋ ಮುಚ್ಚಿಡುತ್ತಿದ್ದಾನೆಂದೂ ಜನ ಆಡಿಕೊಳ್ಳುತ್ತಾರೆ. ರವಿವಾರ ಊರಿಗೆ ಊರೇ ಮೈ ನೀವಿಸಿಕೊಂಡು, ಕಳೆದುಕೊಂಡ ಎತ್ತರವನ್ನು ಮರಳಿ ಪಡೆಯುತ್ತದೆ.

ನಾನು ಮಂದಾಕಿನಿ. ಭೌತಶಾಸ್ತ್ರದಲ್ಲಿ ಬಿ.ಎಸ್‌ಸಿ. ಪದವಿ ಪಡೆದು, ಮೂರು ವರ್ಷಗಳಿಂದ ಪುರಸಭೆಯ ಅಳತೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಹದಿನೆಂಟು ತುಂಬಿದ ದಿನ ಅಳೆದು ಪಟ್ಟಿಯಲ್ಲಿ ಬರೆದ ಎತ್ತರವೇ ಇಲ್ಲಿ ಮನುಷ್ಯನ ಕಡೆಯವರೆಗಿನ ಎತ್ತರ. ತಿಂಗಳ ಮೊದಲ ಸೋಮವಾರ ಎಲ್ಲರೂ ಪುರಸಭೆಯ ಅಂಗಳದಲ್ಲಿರುವ ಅಳತೆಗಂಬಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು. ಪಟ್ಟಿಗಿಂತ ಮೂರು ಬೆರಳಿನವರೆಗೆ ಕಡಿಮೆ ಇದ್ದರೆ ಅಡ್ಡಿಯಿರಲಿಲ್ಲ. ಅದಕ್ಕಿಂತ ಕಡಿಮೆ ನಿಂತವರು ಆ ತಿಂಗಳ ಮಟ್ಟಿಗೆ ಊರಿನವರಲ್ಲ. ಅವರ ಸಹಿ ನಡೆಯುವುದಿಲ್ಲ, ಸಾಕ್ಷಿ ನಡೆಯುವುದಿಲ್ಲ, ಕಲ್ಲಿನ ಗಣಿಯಲ್ಲಿ ಅವರನ್ನು ಕೆಲಸಕ್ಕೆ ಹಚ್ಚುವುದಿಲ್ಲ. ನಾನು ಬರುವ ಮೊದಲು ಕೊರತೆಯನ್ನು ಕೈಬೆರಳಿಟ್ಟೇ ಅಳೆಯುತ್ತಿದ್ದರು. ಅಳೆಯುವ ಗುಮಾಸ್ತನ ಬೆರಳು ದಪ್ಪವಾಗಿದ್ದಷ್ಟೂ ಊರಿಗೆ ಅನುಕೂಲ. ನಾನು ಕಂಬಕ್ಕೆ ಉಕ್ಕಿನ ಪಟ್ಟಿಯನ್ನೂ ಅದರ ಮೇಲೆ ಜಾರುವ ವರ್ನಿಯರ್ ಮಾಪಕವನ್ನೂ ಕೂರಿಸಿದೆ. ಅದರಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಓದಬಹುದು. ಅದನ್ನು ಓದಲು ಊರಿನಲ್ಲಿ ನನ್ನೊಬ್ಬಳಿಗೇ ಬರುತ್ತಿತ್ತು.

ನನ್ನ ಅತ್ತೆ ಕಾಶವ್ವ ಊರಿನ ಹದಿನಾಲ್ಕು ಮಂದಿ ನೀವುವವರಲ್ಲಿ ಒಬ್ಬಳು. ಅಪ್ಪನ ಅಕ್ಕ. ತಾಯಿಯಿಲ್ಲದ ನನ್ನನ್ನು ಸಾಕಿದವಳು. ಕಲ್ಲು ಹೊರುವ ಅಪ್ಪನ ದುಡಿಮೆ ಹೊಟ್ಟೆಗೆ ಸರಿಹೋಗುತ್ತಿತ್ತು. ನನ್ನ ಕಾಲೇಜು ಅತ್ತೆಯ ಹೆಬ್ಬೆರಳುಗಳ ಮೇಲೆ ನಡೆಯಿತು. ಅವಳ ಹತ್ತಿರ ಒಂದು ಮೈಗೆ ಒಂದೂವರೆ ತಾಸು. ಮೊದಲ ಕಾಲು ತಾಸು ಅವಳು ಮುಟ್ಟುವುದೇ ಇಲ್ಲ, ಕೇಳುತ್ತಾಳೆ: ಯಾವ ಹೆಗಲ ಮೇಲೆ ಹೊತ್ತೆ, ಯಾರೊಡನೆ ಜಗಳಾಡಿದೆ, ಯಾವ ಮಗ್ಗುಲಿಗೆ ಮಲಗಿದೆ. ಕುಗ್ಗಿದ ಎತ್ತರ ಎಲ್ಲಿಂದ ಹೋಯಿತೋ ಅಲ್ಲಿಗೇ ಅದನ್ನು ಮರಳಿಸಬೇಕೆಂಬುದು ಆ ಕಸುಬಿನ ಕಟ್ಟಳೆ. ಹಮಾಲನದು ಸೊಂಟದಿಂದ ಹೋಗುತ್ತದೆ, ದರ್ಜಿಯದು ಕತ್ತಿನಿಂದ, ಮಾಸ್ತರರದು ಮೊಣಕಾಲಿನಿಂದ.

ರವಿವಾರ ಬೆಳಿಗ್ಗೆ ಅಪ್ಪ ಚಾಪೆಯ ಮೇಲೆ ಬೋರಲಾಗಿ ಮಲಗಿರುತ್ತಿದ್ದ. ಅತ್ತೆ ಅವನ ಮೀನಖಂಡದ ಮೇಲೆ ಬೆರಳಾಡಿಸಿ, "ಏನೋ ಫಕೀರಾ, ಈ ವಾರ ಭಾರ ಎಲ್ಲಾ ಎಡಗಾಲ ಮ್ಯಾಲ ಹಾಕೀದಿ. ಬಲಗಾಲು ಏನು ಬೀಗರ ಮನಿಗೆ ಹೋಗಿತ್ತೇನು?" ಎನ್ನುತ್ತಿದ್ದಳು.

"ಬಲಗಾಲಾಗ ಮುಳ್ಳ ಮುರದಿತ್ತಕ್ಕಾ."

"ಅದನ್ನ ಮೊದಲ ಹೇಳಬೇಕಿಲ್ಲೊ ಮಬ್ಬಾ. ಮುಳ್ಳಿನ ಮ್ಯಾಲ ನೀವಿದ್ರ ಎತ್ತರ ಬರೂದಿಲ್ಲ, ಶಾಪ ಬರತೈತಿ."

ಇನ್ನೊಂದು ಕಟ್ಟಳೆಯಿತ್ತು. ಹದಿನಾಲ್ಕು ಮಂದಿಯೂ ಯಾರ ಮೈಯನ್ನೂ ಪೂರ್ತಿ ಎತ್ತರಕ್ಕೆ ತರುತ್ತಿರಲಿಲ್ಲ. ಎರಡು ನೂಲು ಬಿಡುತ್ತಿದ್ದರು. ನೂಲು ಎಂಬುದು ಬಡಿಗರ ಮತ್ತು ಗೌಂಡಿಗಳ ಅಳತೆ, ಅಂಗುಲದ ಎಂಟನೆಯ ಒಂದು ಪಾಲು. ಎರಡು ನೂಲೆಂದರೆ 6.35 ಮಿಲಿಮೀಟರು. ಹತ್ತು ವರ್ಷದವಳಿದ್ದಾಗ ನಾನು ಅತ್ತೆಯನ್ನು ಯಾಕೆಂದು ಕೇಳಿದ್ದೆ. ಅವಳು ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದ್ದಳು: "ಪೂರಾ ಜಗ್ಗಿ ಕಟ್ಟಿದ ಹಗ್ಗಕ್ಕ ಮತ್ತೊಂದು ಗಂಟ ಹಾಕಾಕ ಬರತೈತೇನು? ಮೈಗೂ ಒಂದೀಟು ಸಡಲ ಬೇಕವ್ವಾ. ನಾಳಿ ಮತ್ತ ದುಡದು ಕುಗ್ಗಬೇಕಲ್ಲ, ಅದಕ್ಕ ಜಾಗಾ ಬಿಡಬೇಕು. ಬಿಡಲಿಲ್ಲ ಅಂದ್ರ ಎತ್ತರ ಎಲ್ಲಿ ಬೇಕಲ್ಲೆ ಹರದು ಹೋಗತೈತಿ."

'ಎತ್ತರ' ಎಂಬ ಹೆಸರಿನ ಕಂಪನಿ ನಮ್ಮ ಊರಿಗೆ ಬಂದದ್ದು ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಬಸ್ ನಿಲ್ದಾಣದ ಎದುರು ಹಳದಿ ಬೋರ್ಡು ಬಿತ್ತು. ಎಂಟು ತಿಂಗಳಲ್ಲಿ ಅಂಥವೇ ಏಳಾದವು. ಇಪ್ಪತ್ತು ನಿಮಿಷ, ತೊಂಬತ್ತೊಂಬತ್ತು ರೂಪಾಯಿ. ಪ್ರಶ್ನೆಗಳಿಲ್ಲ. ಮೇಜಿನ ಒಂದು ತುದಿಗೆ ಕಾಲುಪಟ್ಟಿ, ಇನ್ನೊಂದು ತುದಿಗೆ ಗದ್ದದ ಪಟ್ಟಿ, ಬೆನ್ನಿನ ಕೆಳಗೆ ಉರುಳೆ. ಹಳದಿ ಅಂಗಿ ತೊಟ್ಟ ಹುಡುಗಿಯರು ಗೋಡೆಯ ನಕ್ಷೆಯಲ್ಲಿರುವ ಹನ್ನೆರಡು ಜಾಗಗಳನ್ನು ಕ್ರಮವಾಗಿ ಒತ್ತುತ್ತಿದ್ದರು. ಆ ನಕ್ಷೆ ಹಮಾಲನಿಗೂ ಮಾಸ್ತರನಿಗೂ ಒಂದೇ. ಎದ್ದು ನಿಂತರೆ ಪೂರ್ತಿ ಎತ್ತರ. ಮದುವೆಯ ದಿನವೂ ಎರಡು ನೂಲು ಕಡಿಮೆಯೇ ನಿಂತಿದ್ದ ಜನ ಮೊದಲ ಸಲ ತಮ್ಮ ಪಟ್ಟಿಯ ಅಂಕಿಯನ್ನು ಮುಟ್ಟಿದರು. ಅವರ ಸಂತೋಷ ನಿಜವಾದದ್ದು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಶಾಖೆಗಳ ಮೇಲ್ವಿಚಾರಕ ವಿನೀತ ಎಂಬಾತ ಹೊರಗಿನವನು, ನನಗಿಂತ ಎರಡು ಮೂರು ವರ್ಷ ದೊಡ್ಡವನು, ನಯವಂತ. ನನ್ನ ವರ್ನಿಯರನ್ನು ನೋಡಿ, "ಮೇಡಂ, ಈ ಊರಲ್ಲಿ ಲೆಕ್ಕಕ್ಕೆ ಸಿಗೋ ವಸ್ತು ಇದೊಂದೇ ಅನ್ಸುತ್ತೆ," ಎಂದ. ನನಗೆ ಹಿತವಾಯಿತು. ಅಲ್ಲಿಯವರೆಗೆ ಊರಿನಲ್ಲಿ ಯಾರೂ ಆ ಮಾಪಕವನ್ನು ಎರಡನೆಯ ಸಲ ನೋಡಿರಲಿಲ್ಲ.

ಅವನ ಅರ್ಜಿಯ ಮೇಲೆ ಪುರಸಭೆಯ ಅಧ್ಯಕ್ಷರು ನನಗೆ ತುಲನಾತ್ಮಕ ವರದಿ ಸಿದ್ಧಪಡಿಸಲು ಹೇಳಿದರು. ಮೂರು ತಿಂಗಳು ಕೆಲಸ ಮಾಡಿದೆ. ಕಂಪನಿಯಲ್ಲಿ ಮೈ ಒತ್ತಿಸಿಕೊಂಡ ಇನ್ನೂರ ಹನ್ನೆರಡು ಮಂದಿಯನ್ನೂ, ನೀವುವವರ ಮನೆಗಳಿಂದ ಎದ್ದು ಬಂದ ಇನ್ನೂರ ಹನ್ನೆರಡು ಮಂದಿಯನ್ನೂ, ಒಂದೇ ತಾಸಿನಲ್ಲಿ, ಒಂದೇ ಮಾಪಕದಿಂದ ಅಳೆದೆ. ಕಂಪನಿಯ ಸರಾಸರಿ ಕೊರತೆ 0.3 ಮಿಲಿಮೀಟರು. ನೀವುವವರದು 6.4. ಆದರೆ ಇನ್ನೊಂದು ಅಂಕಿ ಇತ್ತು. ಕಂಪನಿಯ ಅಳತೆಗಳು ಸರಾಸರಿಯ ಆಚೀಚೆ ಚೆದುರಿದ್ದವು. ನೀವುವವರ ಅಳತೆಗಳು 6.4ರ ಸುತ್ತ ಮಿಲಿಮೀಟರಿನ ಹತ್ತನೆಯ ಎರಡು ಭಾಗದೊಳಗೆ ಗುಂಪುಗೂಡಿದ್ದವು. ಹದಿನಾಲ್ಕು ಜೊತೆ ಕೈಗಳು, ಇನ್ನೂರ ಹನ್ನೆರಡು ಮೈಗಳು, ಯಾವ ಅಳತೆಪಟ್ಟಿಯನ್ನೂ ಮುಟ್ಟದೆ ಎಲ್ಲವೂ ಒಂದೇ ಬಿಂದುವಿನಲ್ಲಿ ನಿಂತಿದ್ದವು. ಕಾಲೇಜಿನ ಪ್ರಯೋಗಾಲಯದಲ್ಲಿ ಅಂಥ ಫಲಿತಾಂಶವನ್ನು ನಾನು ಕಂಡಿರಲಿಲ್ಲ. ಇಷ್ಟು ಸಣ್ಣ ಚೆದುರುವಿಕೆ ತಪ್ಪಿನಿಂದ ಬರುವುದಿಲ್ಲ, ಉದ್ದೇಶದಿಂದ ಬರುತ್ತದೆ ಎಂದು ಮೊದಲ ವರ್ಷದ ವಿದ್ಯಾರ್ಥಿಯೂ ಹೇಳಬಲ್ಲ. ಉದ್ದೇಶವೇನೆಂಬುದೂ ನನಗೆ ಗೊತ್ತಿತ್ತು. ನಾನು ಅದನ್ನು 'ಸ್ಥಿರ ದೋಷ' ಎಂದು ನಮೂದಿಸಿದೆ. ಕಾರಣದ ಕಾಲಮ್ಮಿನಲ್ಲಿ 'ಸಾಂಪ್ರದಾಯಿಕ ನಂಬಿಕೆ' ಎಂದು ಬರೆದೆ.

ವರದಿಯ ಆಧಾರದ ಮೇಲೆ ಪುರಸಭೆ ಎರಡು ನಿರ್ಣಯಗಳನ್ನು ಕೈಗೊಂಡಿತು. ಪೂರ್ಣ ಎತ್ತರ ಎಲ್ಲರ ಕೈಗೆಟುಕುವಂತಾದ ಮೇಲೆ ಮೂರು ಬೆರಳಿನ ರಿಯಾಯಿತಿಗೆ ಅರ್ಥವಿಲ್ಲವೆಂದು ಅದನ್ನು ಒಂದು ಮಿಲಿಮೀಟರಿಗೆ ಇಳಿಸಿತು. ಮತ್ತು ಒಂದು ಮಿಲಿಮೀಟರಿನೊಳಗೆ ಮೈಯನ್ನು ತರಲಾರದ ನೀವುವವರು ಪರವಾನಗಿ ಕಳೆದುಕೊಳ್ಳುವರು. ಬಯಸಿದವರು ಅಂಗಳದಲ್ಲಿ ಎಲ್ಲರೆದುರು ಒಂದು ಮೈಯನ್ನು ನೀವಿ ತೋರಿಸಿ ಪರವಾನಗಿ ಉಳಿಸಿಕೊಳ್ಳಬಹುದು.

ಅತ್ತೆ ಅಪ್ಪನನ್ನು ಕರೆದುಕೊಂಡು ಬಂದಳು. ಅಂದು ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳು ಎಂದಿನಂತೆ ಕಾಲು ತಾಸು ಪ್ರಶ್ನೆ ಕೇಳಿದಳು. ಅಪ್ಪ ನಾಚುತ್ತ ಉತ್ತರಿಸಿದ. ಯಾರೊಡನೆ ಜಗಳಾಡಿದೆ ಎಂದಾಗ, "ನಿನ್ನ ಕೂಡನ," ಎಂದ. ಜನ ನಕ್ಕರು. ನಂತರ ಒಂದೂಕಾಲು ತಾಸು ಅವಳು ಯಾರತ್ತಲೂ ನೋಡಲಿಲ್ಲ. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ವಿನೀತ ಬಾಗಿ ಮೆಲ್ಲಗೆ ಹೇಳಿದ: "ಅಮ್ಮಾ, ಇನ್ನೊಂದೆರಡು ನಿಮಿಷ ಎಳೆದ್ರೆ ಆಗೇಬಿಡುತ್ತೆ. ನಿಮ್ಮ ಕೈಗೆ ಅದೇನು ಕಷ್ಟ ಅಲ್ಲ." ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದನೆಂದು ನನ್ನ ನಂಬಿಕೆ.

"ಎಳಿಯೂದು ಎತ್ತಿನ ಕೆಲಸ ತಮ್ಮಾ," ಅತ್ತೆ ಹೇಳಿದಳು. "ನಾ ನೀವತೀನಿ."

ಅಪ್ಪ ಕಂಬಕ್ಕೆ ಬೆನ್ನು ಕೊಟ್ಟ. ನಾನು ಮಾಪಕವನ್ನು ಅವನ ನೆತ್ತಿಗೆ ಇಳಿಸಿದೆ. ಪಟ್ಟಿಯ ಎತ್ತರ 1684.0, ನನ್ನ ಕಣ್ಣೆದುರಿನ ಅಂಕಿ 1677.7. ನನ್ನ ಹಿಂದೆ ಅಧ್ಯಕ್ಷರು, ಪಕ್ಕದಲ್ಲಿ ಅತ್ತೆ. ಅವಳು ನನ್ನ ಮುಖವನ್ನು ನೋಡುತ್ತಿರಲಿಲ್ಲ. ನನ್ನ ಬೆರಳುಗಳನ್ನು ನೋಡುತ್ತಿದ್ದಳು. ನಾನು ಬಾಯಲ್ಲಿ ಯಾವ ಅಂಕಿ ಹೇಳಿದ್ದರೂ ಅದನ್ನು ಪರೀಕ್ಷಿಸಬಲ್ಲವರು ಆ ಅಂಗಳದಲ್ಲಿ ಇರಲಿಲ್ಲ. ಇದು ನನಗೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

"ಓದ್ರಿ ಬಾಯಾರ," ಅಧ್ಯಕ್ಷರು ಹೇಳಿದರು.

"ಆರು ದಶಾಂಶ ಮೂರು ಕಡಿಮೆ," ಎಂದೆ.

ಆ ವಾರ ಹದಿನಾಲ್ಕು ಮಂದಿಯಲ್ಲಿ ಹದಿಮೂರು ಮಂದಿ ಎರಡು ನೂಲಿಗೇ ಕೈ ತೆಗೆದು ಪರವಾನಗಿ ಕಳೆದುಕೊಂಡರು. ಬಾಬುರಾವ್ ಎಂಬೊಬ್ಬರು ಮಾತ್ರ ತಮ್ಮ ಹೆಂಡತಿಯನ್ನು ಸೊನ್ನೆಯವರೆಗೆ ಎಳೆದು ಪರವಾನಗಿ ಉಳಿಸಿಕೊಂಡರು. ಮರುತಿಂಗಳು ಅವರು ಕಂಪನಿಯಲ್ಲಿ ತರಬೇತಿ ಕೊಡುವವರಾದರು.

ಅಪ್ಪನನ್ನು ಅಳೆದ ದಿನ ಮಧ್ಯಾಹ್ನ ಅತ್ತೆ ರೊಟ್ಟಿ ಬಡಿದು, ನನಗೂ ಅಪ್ಪನಿಗೂ ಬಡಿಸಿದಳು. ತಾನೂ ಉಂಡಳು. ತಾಟು ಎತ್ತಿದ ಮೇಲೆ ಕೇಳಿದಳು: "ನೀ ಸುಳ್ಳು ಓದಬೇಕಿತ್ತು ಅಂತ ನಾ ಅನ್ನಂಗಿಲ್ಲ ಮಂದಾ. ಆದ್ರ ಸಣ್ಣಾಕಿ ಇದ್ದಾಗ ಒಮ್ಮೆ ನೀ ಯಾಕ ಅಂತ ಕೇಳಿದ್ದಿ, ನಾ ಹೇಳಿದ್ದೆ. ಅದನ್ನ ಎಲ್ಲೆ ಬರದಿ?"

"ಕಾರಣದ ಕಾಲಮ್ಮಿನಾಗ."

"ಏನಂತ ಬರದಿ?"

ನಾನು ಹೇಳಿದೆ. "ನಂಬಿಕಿ," ಎಂದಳು, ಹಲ್ಲಿಗೆ ಸಿಕ್ಕ ಕಲ್ಲನ್ನು ನಾಲಿಗೆಯಿಂದ ಹುಡುಕುವವಳಂತೆ. "ದೇವರಿಗೆ ಕಾಯಿ ಒಡದ್ರ ಅದು ನಂಬಿಕಿ. ಇದು ಕೆಲಸ ಇತ್ತವ್ವಾ." ಮರುದಿನದಿಂದ ಎಣ್ಣೆ ಗಿರಣಿಯಲ್ಲಿ ಶೇಂಗಾ ಸುಲಿಯಲು ಹೋದಳು. ಮನೆಯಲ್ಲಿ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು: ನೀರು ಬಂತು, ಹಾಲು ಉಕ್ಕಿತು, ಬಾಗಿಲು ಹಾಕು.

ಊರೆಲ್ಲ ಹಳದಿ ಬೋರ್ಡಿನ ಕೆಳಗೆ ಸಾಲು ನಿಂತಿತು. ಮೊದಲ ಎರಡು ತಿಂಗಳು ಅಂಗಳದ ಅಳತೆ ನನ್ನ ವೃತ್ತಿಜೀವನದ ಅತ್ಯಂತ ಅಚ್ಚುಕಟ್ಟಾದ ಅಳತೆಯಾಗಿತ್ತು. ಮೂರನೆಯ ತಿಂಗಳು ನಮ್ಮ ಓಣಿಯ ದರ್ಜಿ ದಸ್ತಗೀರ ಕಾಕಾ ನನ್ನನ್ನು ಅಂಗಡಿಗೆ ಕರೆದ.

"ಮಂದವ್ವಾ, ನಿನ್ನ ಕಂಬ ಕೆಟ್ಟೈತೇನು?"

"ಇಲ್ಲ ಕಾಕಾ, ವಾರಕ್ಕೊಮ್ಮೆ ಪರೀಕ್ಷಾ ಮಾಡತೀನಿ."

"ಹಂಗಾರ ನನ್ನ ಟೇಪ್ ಕೆಟ್ಟಿರಬೇಕು. ನೋಡಿಲ್ಲೆ. ಹತ್ತ ವರ್ಷದಿಂದ ಒಂದ ಅಳತಿಗೆ ಅಂಗಿ ಹೊಲಸ್ಕೊಳ್ಳೊ ಮಂದಿ. ಕಾಲರ್ ಪಟ್ಟಿ ಎರಡರಷ್ಟ ಎತ್ತರ ಹೊಲದ್ರೂ ಕುತ್ತಿಗಿ ಮುಚ್ಚವಲ್ದು. ಪ್ಯಾಂಟಿನ ಕಾಲು ನೋಡಿದ್ರ ನೆಲಾ ಬಳೀತಾವ. ಊರು ನಡಸಾಕತ್ತೀರೊ, ಜಿರಾಫಿ ಸಾಕಾಕತ್ತೀರೊ?"

ಅವನ ಅಳತೆಪುಸ್ತಕವನ್ನು ಮನೆಗೆ ತಂದು ನಲವತ್ತಮೂರು ಮಂದಿಯ ಹಳೆಯ ಮತ್ತು ಹೊಸ ಅಳತೆಗಳನ್ನು ಎದುರುಬದುರು ಬರೆದೆ. ಕತ್ತು ಸರಾಸರಿ ಹದಿನೆಂಟು ಮಿಲಿಮೀಟರು ಬೆಳೆದಿತ್ತು. ಸೊಂಟ ಮತ್ತು ಮೊಣಕಾಲಿನ ಕೆಳಭಾಗ ಸೇರಿ ಹದಿನೆಂಟು ಮಿಲಿಮೀಟರು ಕಳೆದುಕೊಂಡಿದ್ದವು. ಮೊತ್ತ ಸೊನ್ನೆ. ಕಂಪನಿ ಸೊಂಟ, ಕಾಲುಗಳಿಂದ ಹೋದ ಎತ್ತರವನ್ನು ಕತ್ತಿನಿಂದ ತೀರಿಸುತ್ತಿತ್ತು. ನಾನು ಕಾಲಿನಡಿಯಿಂದ ನೆತ್ತಿಯವರೆಗೆ ಒಂದೇ ಒಂದು ಅಂಕಿಯನ್ನು ಅಳೆಯುತ್ತಿದ್ದೆ. ದರ್ಜಿ ಇಂಚುಟೇಪಿನಿಂದ ಕಂಡದ್ದು ನನ್ನ ವರ್ನಿಯರಿಗೆ ಕಂಡಿರಲಿಲ್ಲ.

ಅಷ್ಟೇ ಆಗಿದ್ದರೆ ಊರು ಕಾಲರು ಬದಲಿಸಿಕೊಂಡು ಬದುಕುತ್ತಿತ್ತು. ಆದರೆ ಪೂರ್ತಿ ಎಳೆದ ಮೈ ಬೇಗ ಕುಗ್ಗತೊಡಗಿತು. ರವಿವಾರ ಪಡೆದ ಎತ್ತರ ಮೊದಲು ಶುಕ್ರವಾರಕ್ಕೆ, ಆಮೇಲೆ ಬುಧವಾರಕ್ಕೆ, ಕೊನೆಗೆ ಮರುದಿನ ಮಧ್ಯಾಹ್ನಕ್ಕೆ ಕರಗುತ್ತಿತ್ತು. ಕಂಪನಿ ತಿಂಗಳ ಪಾಸು ತಂದಿತು. ಪುರಸಭೆಯ ಅಂಗಳದಲ್ಲೇ, ಅಳತೆಗಂಬದಿಂದ ನಲವತ್ತು ಹೆಜ್ಜೆ ದೂರದಲ್ಲಿ, ಎಂಟನೆಯ ಶಾಖೆ ತೆರೆಯಿತು. ಮೊದಲ ಸೋಮವಾರ ಜನ ಮೇಜಿನಿಂದ ಇಳಿದವರೇ ಕಂಬಕ್ಕೆ ಓಡುತ್ತಿದ್ದರು. "ಮಾತಾಡಬ್ಯಾಡ, ಸೋರತೈತಿ," ಎಂದು ಹೆಂಡತಿ ಗಂಡನನ್ನು ತಳ್ಳುತ್ತಿದ್ದಳು. ಸೀನು ಬಂದರೆ ಮೂಗು ಒತ್ತಿಕೊಳ್ಳುತ್ತಿದ್ದರು. ಹಿರಿಯರೊಬ್ಬರು ನಮಸ್ಕರಿಸಲು ಬಾಗಿದ ಮೊಮ್ಮಗನಿಗೆ, "ಆಮ್ಯಾಲ ಬಾಗೊ, ಮೊದಲ ಅಳಸ್ಕೊ," ಎಂದು ಬೈದದ್ದನ್ನು ನಾನೇ ಕೇಳಿದ್ದೇನೆ.

ಅಪ್ಪ ಬೆಳಿಗ್ಗೆಯೊಮ್ಮೆ ಮಧ್ಯಾಹ್ನವೊಮ್ಮೆ ಹಳದಿ ಬೋರ್ಡಿಗೆ ಹೋಗುತ್ತಿದ್ದ. ಅವನ ಕತ್ತು ಉದ್ದವಾಗಿ, ತಲೆ ಮೆಲ್ಲಗೆ ಅಲುಗುತ್ತಿತ್ತು. ಮನೆಯಲ್ಲಿ ನಾವು ಅದನ್ನು ನೋಡದಂತೆ ಉಣ್ಣುತ್ತಿದ್ದೆವು. ಒಂದು ದಿನ ಗಣಿಯಲ್ಲಿ ತಲೆಯ ಮೇಲಿನ ಫರ್ಸಿಕಲ್ಲನ್ನು ಕತ್ತು ತಡೆಯಲಿಲ್ಲ. ಕಲ್ಲು ಜಾರಿ ಎಡಗಾಲಿನ ಮೇಲೆ ಬಿತ್ತು. ಎರಡು ಬೆರಳು ಜಜ್ಜಿಹೋದವು. ಆ ಸಲದ ಸೋಮವಾರ ಅವನು ಮೇಜಿನಿಂದ ಇಳಿದು ಕುಂಟುತ್ತ ನಲವತ್ತು ಹೆಜ್ಜೆ ನಡೆದು ಬರುವಷ್ಟರಲ್ಲಿ ಒಂಬತ್ತು ಮಿಲಿಮೀಟರು ಕಳೆದುಕೊಂಡ. ನಾನು ಓದಿದೆ. ಅವನ ಹೆಸರಿನ ಮುಂದೆ ಗೆರೆ ಎಳೆದೆ. ಅವನು ಆ ತಿಂಗಳ ಮಟ್ಟಿಗೆ ಊರಿನವನಲ್ಲ, ಗಣಿಗೆ ಬೇಕಾದವನೂ ಅಲ್ಲ. ಮುಂದಿನ ತಿಂಗಳು ಬೇರೆಯಾಗುವ ಲಕ್ಷಣವಿರಲಿಲ್ಲ.

ನಾನು ಎರಡನೆಯ ವರದಿ ಬರೆದೆ. ಅದರಲ್ಲಿ ದರ್ಜಿಯ ಅಂಕಿಗಳಿದ್ದವು, ಆರು ಕೋಷ್ಟಕಗಳಿದ್ದವು, ನನ್ನ ಮೊದಲ ವರದಿಯ ತಪ್ಪಿನ ಬಗ್ಗೆ ಒಂದೂವರೆ ಪುಟವಿತ್ತು. ಅಧ್ಯಕ್ಷರು ತಾಳ್ಮೆಯಿಂದ ಓದಿದರು. ಅವರ ಕತ್ತಿಗೂ ಹೊಸ ಕಾಲರಿತ್ತು.

"ಬಾಯಾರ, ನಮ್ಮ ಪಟ್ಟಿಯೊಳಗ ಕುತ್ತಿಗಿ ಅಂತ ಕಾಲಮ್ಮ ಐತೇನ್ರಿ?"

"ಇಲ್ರಿ."

"ಮೊಣಕಾಲು?"

"ಇಲ್ರಿ."

"ಎತ್ತರ ಐತಿ. ಎತ್ತರ ಸರಿ ಬರಾಕತ್ತೈತಿ. ಇದನ್ನ ನೀವ ಹೇಳಿದ್ರಿ, ನಿಮ್ಮನ್ನ ನಂಬಿ ಹದಿಮೂರು ಮಂದಿ ಹೊಟ್ಟಿ ಮ್ಯಾಲ ಕಾಲಿಟ್ಟೀವಿ. ಈಗ ನೀವ ತಿರಗಾ ಬ್ಯಾರೆ ಹೇಳಿದ್ರ ನಾ ಯಾವ ಮಂದಾಕಿನಿಬಾಯಾರನ್ನ ನಂಬಲಿ?" ಕಡತವನ್ನು ಮುಚ್ಚಿ ನನ್ನ ಕಡೆಗೆ ಸರಿಸಿದರು. "ತಂದೀಗೆ ಹಿಂಗಾತು ಅಂತ ನಿಮಗ ಸಂಕಟ ಆಗೈತಿ. ಎರಡ ದಿನ ರಜಾ ತಗೋರಿ."

ನಾನು ಗಿರಣಿಗೆ ಹೋದೆ. ಅತ್ತೆ ಶೇಂಗಾ ರಾಶಿಯ ಮುಂದೆ ಕುಳಿತಿದ್ದಳು. ಅಪ್ಪನನ್ನು ನೋಡು ಎಂದು ಕೇಳಿದೆ. ಹೇಗೆ ಕೇಳಬೇಕೆಂದು ದಾರಿಯಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ, ಬಾಯಿಗೆ ಬಂದದ್ದು ಎರಡೇ ಶಬ್ದ: "ಅತ್ತೀ, ಅಪ್ಪ."

"ನಾ ಮುಟ್ಟಿದ್ರ ಅಪರಾಧ," ಅವಳು ಸಿಪ್ಪೆ ಒಡೆಯುತ್ತಲೇ ಹೇಳಿದಳು. "ನಿಮ್ಮ ಪುರಸಭಿನ ಬರದು ಅಂಟಿಸೇತಿ. ಜೇಲು ಐತಂತ."

"ಗೊತ್ತೈತಿ."

"ಯಾರರ ಚಾಡಿ ಹೇಳಿದ್ರ?"

"ಹೇಳಿದ್ರೂ ಕಂಬದಾಗ ಅಳತಿ ಓದಾಕಿ ನಾನ."

ಆಗ ಅವಳು ನನ್ನ ಮುಖ ನೋಡಿದಳು. ಮುಷ್ಟಿಯಲ್ಲಿದ್ದ ಕಾಯಿಯನ್ನು ರಾಶಿಗೆ ಬಿಟ್ಟು, ಸೆರಗು ಕೊಡವಿದಳು. "ನಾಳಿಂದ ನಾ ಗಿರಣಿಗೆ ಹೋಗೂದಿಲ್ಲ. ಹಾಡಹಗಲ ನೀವತೀನಿ, ಕದಾ ತಗದ ಇಟ್ಟು. ರಾತ್ರಿ ಕದ್ದು ಮಾಡಿದ್ರ ಕಳ್ಳರಂಗ ಕಾಣತೀವಿ. ಹಗಲ ಮಾಡಿದ್ರ ಬೀಗರು ಬಂದಾರ ಅಂತ ತಿಳಕೊಂತಾರ."

ಕತ್ತಿಗೆ ಹೋದದ್ದನ್ನು ಕಾಲಿಗೆ ಇಳಿಸಲು ಮೂರು ವಾರ ಹಿಡಿಯಿತು. ದಿನಕ್ಕೊಂದು ಬೆರಳಿನಷ್ಟು ಜಾಗ; ಕತ್ತಿನಿಂದ ಹೆಗಲಿಗೆ, ಹೆಗಲಿನಿಂದ ಬೆನ್ನಿಗೆ. ನಡುವೆ ಎಲ್ಲಿಯಾದರೂ ಬಿಟ್ಟರೆ ಎತ್ತರ ಅಲ್ಲಿಯೇ ಗಂಟಾಗಿ ನಿಲ್ಲುತ್ತಿತ್ತು. ಅಪ್ಪ ಹಲ್ಲು ಕಚ್ಚಿಕೊಂಡು ಮಲಗಿರುತ್ತಿದ್ದ. ನಾನು ಪ್ರತಿ ಸಂಜೆ ಅವನ ಕತ್ತು, ಬೆನ್ನು, ಕಾಲುಗಳನ್ನು ಬೇರೆ ಬೇರೆಯಾಗಿ ಅಳೆದು ಬರೆದುಕೊಂಡೆ. ಅದನ್ನು ಯಾರಿಗೂ ಕೊಡಲಿಕ್ಕಿರಲಿಲ್ಲ.

ಎರಡನೆಯ ವಾರ ಹಳದಿ ಅಂಗಿಯ ಹುಡುಗಿಯೊಬ್ಬಳು ಹೊಸ್ತಿಲಲ್ಲಿ ಬಂದು ನಿಂತಳು. ನಾನು ಕೈಯಲ್ಲಿದ್ದ ಅಳತೆಪಟ್ಟಿಯನ್ನು ಬೆನ್ನ ಹಿಂದೆ ಮರೆಮಾಡಿದೆ. ಅವಳು ದೇಮವ್ವ, ಬಸ್ ನಿಲ್ದಾಣದ ಶಾಖೆಯವಳು. ಅಪ್ಪನ ಕತ್ತಿಗೆ ಎಷ್ಟೋ ಸಲ ಪಟ್ಟಿ ಕಟ್ಟಿದವಳು. ಒಳಗಿದ್ದವರನ್ನು ನೋಡಿಯೂ ನೋಡದಂತೆ ಎರಡೂ ಕೈಗಳನ್ನು ಮುಂದೆ ಚಾಚಿದಳು.

"ಅತ್ತೀ, ಹೆಬ್ಬಟ್ಟು ಮಡಚಂಗಿಲ್ಲ. ದಿನಕ್ಕ ಇಪ್ಪತ್ತೆರಡು ಮೈ."

"ನೀವ ಎಲ್ಲಾ ಇಪ್ಪತ್ತ ನಿಮಿಷದಾಗ ಸರಿ ಮಾಡತೀರಲ್ಲ," ಅತ್ತೆ ಹೇಳಿದಳು. "ಆ ಪಟ್ಟಿಗೆ ಹೆಬ್ಬಟ್ಟ ಕಟ್ಕೊ, ಜಗ್ಗಿಸ್ಕೊ." ಹಾಗೆ ಹೇಳುತ್ತಲೇ ಚಾಪೆಯ ತುದಿಯನ್ನು ಅವಳಿಗೆ ಬಿಟ್ಟುಕೊಟ್ಟಳು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಯಾವ ಮಗ್ಗಲಿಗೆ ಮಲಗತಿ?" ಎಂದು ಕೇಳಿದಳು. ಹುಡುಗಿ ಅಳತೊಡಗಿದಳು. ಆ ಪ್ರಶ್ನೆಯನ್ನು ಅವಳಿಗೆ ಅದುವರೆಗೆ ಯಾರೂ ಕೇಳಿರಲಿಲ್ಲವಂತೆ. ಅವಳೂ ಯಾರನ್ನೂ ಕೇಳಿರಲಿಲ್ಲ.

ದೇಮವ್ವ ಯಾರಿಗೂ ದೂರು ಹೇಳಲಿಲ್ಲ. ಆದರೆ ತನ್ನ ಮೇಜಿನ ಮೇಲೆ ಕತ್ತು ನಡುಗುವವರು ಸಿಕ್ಕರೆ ಅವರ ಕಿವಿಯಲ್ಲಿ ನಮ್ಮ ಓಣಿಯ ಹೆಸರು ಹೇಳತೊಡಗಿದಳು. ತಿಂಗಳು ಮುಗಿಯುವಷ್ಟರಲ್ಲಿ ಮೂವತ್ತೊಂದು ಮಂದಿ ಅತ್ತೆಯ ಬಳಿ ಬರುತ್ತಿದ್ದರು.

ಸೋಮವಾರ ಅಪ್ಪ ಓಡದೆ ನಡೆದು ಬಂದ. ಅಂಗಳದ ಶಾಖೆಯನ್ನು ದಾಟಿ, ಸ್ವಲ್ಪ ಕುಂಟುತ್ತ, ತಲೆ ಅಲುಗಿಸದೆ. ಕಂಬಕ್ಕೆ ಬೆನ್ನು ಕೊಟ್ಟ. ಪಟ್ಟಿಯ ಎತ್ತರ 1684.0, ಮಾಪಕದಲ್ಲಿ 1677.6. ವಿನೀತ ಶಾಖೆಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ. ಅಧ್ಯಕ್ಷರು ಚಹಾ ಕುಡಿಯುತ್ತಿದ್ದರು.

"ಸೊನ್ನೆ," ಎಂದೆ.

ಅಪ್ಪ ಕತ್ತು ತಿರುಗಿಸಿ ನನ್ನನ್ನು ನೋಡಿದ. ಆರು ತಿಂಗಳಿಂದ ಅವನಿಗೆ ಹಾಗೆ ತಿರುಗಿಸಲು ಬಂದಿರಲಿಲ್ಲ. ಅವನ ಹಿಂದೆ ನಿಂತಿದ್ದ ಮೂವತ್ತು ಮಂದಿಗೂ ಒಬ್ಬೊಬ್ಬರಾಗಿ ಸೊನ್ನೆ ಓದಿದೆ, ಅಳತೆಯ ವಹಿಯಲ್ಲಿ ಸೊನ್ನೆ ಬರೆದೆ. ಸುಳ್ಳು ಅಂಕಿಯನ್ನು ಬರೆಯುವುದು ನಿಜವಾದ ಅಂಕಿಯನ್ನು ಬರೆದಷ್ಟೇ ಸುಲಭ. ಅದಕ್ಕೂ ಅದೇ ಶಾಯಿ.

ಮರುವಾರ ವಿನೀತ ಪೇಢೆಯ ಡಬ್ಬಿಯೊಡನೆ ಕಚೇರಿಗೆ ಬಂದ. "ಮೇಡಂ, ನಿಮ್ಮ ತಂದೆಯವರ ಕೇಸು ನಮಗೆಲ್ಲಾ ತುಂಬಾ ಖುಷಿ ಕೊಡ್ತು. ಕಾಲು ಜಜ್ಜಿದ ಮನುಷ್ಯ, ಪಟ್ಟಿಯಿಂದ ಹೊರಗೆ ಹೋದವರು, ತಿಂಗಳಲ್ಲಿ ಸೊನ್ನೆಗೆ ಬಂದ್ರು. ನಮ್ಮ ಮೇಜು ಏನು ಅಂತ ಇದಕ್ಕಿಂತ ಬೇರೆ ಹೇಳಬೇಕಾ?" ಊರಿನಲ್ಲಿ ಪರವಾನಗಿ ಇದ್ದದ್ದು ಅವನ ಕಂಪನಿಗೆ ಮಾತ್ರ. ಆದ್ದರಿಂದ ಊರಿನಲ್ಲಿ ನಿಂತ ಪ್ರತಿಯೊಂದು ಎತ್ತರವೂ ಕಾಗದದ ಮೇಲೆ ಅವನ ಕಂಪನಿಯದೇ. ನಾನು ಇದನ್ನು ಯೋಚಿಸಿರಲಿಲ್ಲ. ಆರು ಕೋಷ್ಟಕಗಳನ್ನು ಹಾಕಬಲ್ಲ ನಾನು ಇಷ್ಟನ್ನು ಯೋಚಿಸಿರಲಿಲ್ಲ. ಹದಿನೈದು ದಿನಗಳಲ್ಲಿ ಅಪ್ಪನ ಚಿತ್ರ ಎಂಟೂ ಶಾಖೆಗಳ ಗೋಡೆಯ ಮೇಲೆ ಬಂದಿತು. ಕತ್ತು ನೆಟ್ಟಗಿತ್ತು. ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದರು: ಶ್ರೀ ಫಕೀರಪ್ಪ, ಹಮಾಲರು, ಪೂರ್ಣ ಎತ್ತರ.

ಅಂಕಿಯನ್ನು ತಿದ್ದಲು ಬರುವುದಿಲ್ಲ. ತಿದ್ದಿದರೆ ಮೂವತ್ತೊಂದು ಹೆಸರುಗಳಿಗೆ ಗೆರೆ ಬೀಳುತ್ತದೆ, ಅತ್ತೆ ಜೈಲಿಗೆ ಹೋಗುತ್ತಾಳೆ. ನಾನು ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಅತ್ತೆ ಯಾರದೋ ಮೀನಖಂಡ ನೀವುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಎಷ್ಟ ಮಂದಿಗೆ ಸೊನ್ನಿ ಓದಿದಿ?"

"ಮೂವತ್ತೊಂದ ಮಂದಿಗೆ."

"ಅವತ್ತ ಅಂಗಳದಾಗ ಒಬ್ಬಂಗ ಓದಿದ್ರ ಸಾಕಿತ್ತು," ಎಂದಳು. ಸಿಟ್ಟಿರಲಿಲ್ಲ. ಮಲಗಿದ್ದವರಿಗೆ ಮಗ್ಗುಲು ಬದಲಿಸಲು ಹೇಳಿದಳು.

ಈ ತಿಂಗಳು ನಲವತ್ತಾರು ಸೊನ್ನೆಗಳನ್ನು ಬರೆದಿದ್ದೇನೆ. ಕಂಪನಿಯ ಸರಾಸರಿ ಕೊರತೆ 0.3ರಿಂದ 0.1ಕ್ಕೆ ಇಳಿದಿದೆ. ನನ್ನ ವಹಿಯ ನಕಲನ್ನು ಲಗತ್ತಿಸಿ ಕಂಪನಿ ಸುತ್ತಲಿನ ಒಂಬತ್ತು ಊರುಗಳಿಗೆ ಅರ್ಜಿ ಹಾಕಿತ್ತು, ಅದು ಮಂಜೂರಾಗಿದೆ. ಆ ಊರುಗಳಲ್ಲಿ ನೂರ ಏಳು ಮಂದಿ ನೀವುವವರಿದ್ದಾರೆ. ಅವರಿಗೆ ಕಳುಹಿಸಬೇಕಾದ ಒಂದು ಮಿಲಿಮೀಟರಿನ ನೋಟೀಸು ಅಚ್ಚಾಗಿ ಬಂದಿದೆ. ಅಳತೆಯ ವಿಷಯದಲ್ಲಿ ನನ್ನಷ್ಟು ಅನುಭವ ಬೇರೆಯವರಿಗೆ ಇಲ್ಲವೆಂದು ಹೆಸರುಗಳ ಪಟ್ಟಿ ಮಾಡುವ ಕೆಲಸವನ್ನು ನನಗೇ ಒಪ್ಪಿಸಿದ್ದಾರೆ. ನಿನ್ನೆ ಮುಗಿಸಿದೆ. ಊರುಗಳ ಪ್ರಕಾರ ವಿಂಗಡಿಸಿ, ಪ್ರತಿ ಊರಿನ ಹೆಸರುಗಳನ್ನು ಅಕಾರಾದಿಯಾಗಿ ಬರೆದು, ಕಾಗುಣಿತದ ತಪ್ಪುಗಳಿಗಾಗಿ ಎರಡು ಸಲ ಸರಿನೋಡಿದ್ದೇನೆ.